ಮೂರು ಸಾಲಿನ ಜಾಗದಲ್ಲಿ ನಾಲ್ಕು ಸಾಲು

ನಮ್ಮ ಭಾವ ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಅಂಗಡಿ ಗಿಂಗಡಿ ಏನೂ ಇಲ್ಲ. ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ನಾಲ್ಕು ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ, ಸವೆದ ಹಲ್ಲುಜ್ಜುವ ಬ್ರಷ್ಷು, ಸತ್ತ ಮಿಷನ್‌ಗಳಿಂದ ಬಿಚ್ಚಿಟ್ಟುಕೊಂಡ ಬಿಡಿಭಾಗಗಳು. ಕರೆದವರ ಮನೆಗೆ ಹೋಗಿ ನೆಲದ ಮೇಲೆ ಕೂತು ಮಿಷನ್ನಿನ ಹೊಟ್ಟೆಯೊಳಗೆ ತಲೆ ತೂರಿಸುತ್ತಾರೆ. ಯಾರಾದರೂ ಕುರ್ಚಿ ತಂದುಕೊಟ್ಟರೆ, "ಕುರ್ಚಿ ಮೇಲೆ ಕೂತ್ರೆ ಮಿಷನ್ ಕಾಯಿಲೆ ಕಾಣಲ್ಲಮ್ಮ" ಅನ್ನುತ್ತಾರೆ. ಹೀಗಾಗಿ ಮೂವತ್ತು ವರ್ಷದಿಂದ ಊರಿನ ಅರ್ಧ ಜನರನ್ನು ಅವರು ಕೆಳಗಿನಿಂದ ಮೇಲಕ್ಕೆ ನೋಡಿಯೇ ಮಾತಾಡಿಸಿದ್ದಾರೆ.

ನಾನು ಅವರ ನಾದಿನಿ. ಪುಸ್ತಕಗಳಿಗೆ ಬೈಂಡಿಂಗ್ ಹಾಕುವುದು ನನ್ನ ಕಸುಬು. ಮೂಗಿನ ತುದಿಯಲ್ಲಿ ಕೋಪ, ಆ ಮೂಗನ್ನು ಸಿಕ್ಕಸಿಕ್ಕಲ್ಲಿ ತೂರಿಸುವ ಚಟ. ಎರಡನ್ನೂ ನನ್ನಕ್ಕ ದಿನಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ಭಾವ ಮಾತ್ರ ನಕ್ಕು ಸುಮ್ಮನಾಗುತ್ತಾರೆ. ನನಗೆ ಅವರು ಇಟ್ಟ ಹೆಸರು ಗೋಂದಮ್ಮ. ಹಿಡಿದದ್ದನ್ನು ಬಿಡುವುದಿಲ್ಲವಂತೆ.

ಈ ಭಾವನೇ ನಮ್ಮ ಕ್ರೈಸ್ತ ಸಭೆಯ ಹಿರಿಯರು. ಹಿರಿಯರೆಂದರೆ ಮುಂದಿನ ಸಾಲಿನ ಮೆತ್ತನೆಯ ಕುರ್ಚಿ ಅಂದುಕೊಳ್ಳಬೇಡಿ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸುವುದು, ಕುರ್ಚಿ ಹಾಕುವುದು, ಆರಾಧನೆ ಮುಗಿದ ಮೇಲೆ ಎಲ್ಲರ ಚಹಾ ಲೋಟ ತೊಳೆಯುವುದು, ವಾರವಿಡೀ ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಕೂತು ಅವರ ಗೊಣಗಾಟ ಕೇಳುವುದು. ನಮ್ಮಲ್ಲಿ ಹಿರಿಯರ ಪದವಿ ಅಂದರೆ ಇಷ್ಟೇ. ಕೊನೆಯವರು ಕೂರುವ ತನಕ ಅವರು ಕೂರುವಂತಿಲ್ಲ. ತಡವಾಗಿ ಬರುವವರ ಪೈಕಿ ನಾನೇ ಮೊದಲನೆಯವಳಾದ್ದರಿಂದ ಅವರ ಕಾಲುನೋವಿಗೆ ನಾನೂ ಸ್ವಲ್ಪ ಕಾರಣ.

ಇಂಥ ಮೆತ್ತಗಿನ ಮನುಷ್ಯನಿಗೆ ಒಂದೇ ಒಂದು ಹಟ. ಯಾರಾದರೂ "ಬೈಬಲ್ ಹೀಗೆ ಹೇಳುತ್ತೆ" ಅಂದರೆ ಸಾಕು, "ಎಲ್ಲಿದೆ? ತೋರಿಸಿ" ಅನ್ನುತ್ತಾರೆ. ಒಮ್ಮೆ ಹೊರಗಿನಿಂದ ಬಂದ ಬೋಧಕರೊಬ್ಬರು ಅಬ್ಬರಿಸಿ ಮಾತಾಡುತ್ತಿದ್ದಾಗ ಇವರು ಕೆಳಗಿನಿಂದ ಕೈಯೆತ್ತಿ ಹಾಗೇ ಕೇಳಿಬಿಟ್ಟರು. ಪಾಪ, ಆ ಮನುಷ್ಯ ಪುಟ ತಿರುವಿ ತಿರುವಿ ಬೆವೆತುಹೋದರು. ಹಿರಿಯರ ಮಾತಿಗೆ ಸ್ವಂತ ತೂಕವಿಲ್ಲ, ಬರೆದಿರುವುದಕ್ಕೆ ಮಾತ್ರ ತೂಕ ಅನ್ನುವುದು ಭಾವನ ನಂಬಿಕೆ. ಅದಕ್ಕೇ ನಮ್ಮ ಸಭೆಯಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಾದರೂ ಕಷ್ಟದ ತೀರ್ಮಾನ ಎದುರಾದರೆ ಹಿರಿಯರು ಬುದ್ಧಿ ಹೇಳಲು ಹೋಗುವುದಿಲ್ಲ. ವೇದಿಕೆಯ ಮೇಲಿನ ದೊಡ್ಡ ಬೈಬಲನ್ನು ಬಟ್ಟೆಯಲ್ಲಿ ಸುತ್ತಿ ಆ ಮನೆಗೆ ಹೊತ್ತುಕೊಂಡು ಹೋಗಿ, ಸಂಬಂಧಪಟ್ಟ ಪುಟ ಓದಿ, ಪ್ರಾರ್ಥನೆ ಮಾಡಿ ಎದ್ದು ಬರುತ್ತಾರೆ.

ಆ ದೊಡ್ಡ ಬೈಬಲ್ಲಿಗೂ ಭಾವನಿಗೂ ಬೇರೆಯೇ ನಂಟು. ಹತ್ತೊಂಬತ್ತು ವರ್ಷದ ತನಕ ಅವರಿಗೆ ಅಕ್ಷರ ಗೊತ್ತಿರಲಿಲ್ಲ. ಸಭೆಯ ಹೊಲಿಗೆ ತರಗತಿಯ ಮಿಷನ್ ಸರಿಮಾಡಲು ಬಂದವರನ್ನು ನಮ್ಮ ಮೊದಲ ಹಿರಿಯರು, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಮುದುಕರು, ಪಕ್ಕ ಕೂರಿಸಿಕೊಂಡು ಅದೇ ಪುಸ್ತಕದ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು ಓದು ಕಲಿಸಿದರು. ನಾವೆಲ್ಲ ಅವರನ್ನು ಬೋರ್ಡಜ್ಜ ಅನ್ನುತ್ತಿದ್ದೆವು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು.

ಈಗ ಬೇಕರಿಯಣ್ಣನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಭಾವನ ಜೊತೆಗಿನ ಇನ್ನೊಬ್ಬ ಹಿರಿಯರು ಇವರು, ಬ್ರೆಡ್ಡು ಬನ್ನು ಸುಡುವವರು, ಹೆಂಡತಿ ಇಲ್ಲ, ಒಬ್ಬಳೇ ಮಗಳು. ಹನ್ನೊಂದು ವರ್ಷದ ಹಿಂದೆ ಆ ಹುಡುಗಿ ಸಭೆಯ ಹೊರಗಿನವನನ್ನು ಮದುವೆಯಾಗಿ ಸಭೆಗೆ ಬರುವುದನ್ನೇ ಬಿಟ್ಟಳು. ಏನು ಮಾಡಲಿ ಎಂದು ಬೇಕರಿಯಣ್ಣ ಕೇಳಿದಾಗ ಭಾವ ದೊಡ್ಡ ಬೈಬಲ್ ಹೊತ್ತುಕೊಂಡು ಅವರ ಮನೆಗೆ ಹೋದರು. ಹಿರಿಯರು ಹೇಗಿರಬೇಕೆಂದು ಹೇಳುವ ಪುಟ ತೆಗೆದು ಓದಿದರು. ಪುಟದ ಕೊನೆಯ ಸಾಲು ಹೀಗಿತ್ತು: "ಸಭೆಯನ್ನು ತೊರೆದ ಮಗನನ್ನಾಗಲಿ ಮಗಳನ್ನಾಗಲಿ ಹಿರಿಯನು ತನ್ನ ಬಾಗಿಲೊಳಗೆ ಸೇರಿಸದಿರಲಿ."

ಬೇಕರಿಯಣ್ಣ ಸೇರಿಸಲಿಲ್ಲ. ಬಾಗಿಲಿಗೆ ಬಂದವಳನ್ನು ಎರಡು ಸಲ ಹಿಂದಕ್ಕೆ ಕಳಿಸಿದರು. ಆಮೇಲೆ ಅವಳು ಬರಲಿಲ್ಲ. ಸಭೆಯಲ್ಲಿ ಎಲ್ಲರೂ "ವಾಕ್ಯಕ್ಕೆ ತಲೆಬಾಗೋದು ಅಂದ್ರೆ ಹೀಗೆ" ಎಂದು ಅವರನ್ನು ಮಕ್ಕಳಿಗೆ ತೋರಿಸಿ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಮೊನ್ನೆಮೊನ್ನೆ ಆ ದೊಡ್ಡ ಬೈಬಲ್ಲಿನ ಬೆನ್ನು ಮುರಿಯಿತು. ಸೋಮವಾರ ಬೆಳಿಗ್ಗೆ ಭಾವ ಅದನ್ನು ನನ್ನ ಅಂಗಡಿಗೆ ತಂದು ಮೇಜಿನ ಮೇಲಿಟ್ಟು, "ಹುಷಾರು ಗೋಂದಮ್ಮ, ನಿನಗಿಂತ ವಯಸ್ಸಾಗಿದೆ ಇದಕ್ಕೆ. ಎದುರು ಮಾತಾಡಬೇಡ" ಎಂದು ತಮಾಷೆ ಮಾಡಿ ಹೋದರು.

ರಟ್ಟು ಕಳಚಿ, ಹಳೇ ದಾರ ಕತ್ತರಿಸಿ, ಪುಟಗಳ ಕಟ್ಟನ್ನು ಒಂದೊಂದಾಗಿ ಬಿಡಿಸಿದೆ. ಬೈಂಡಿಂಗ್‌ನವರಿಗೆ ಪುಸ್ತಕ ಓದುವ ಅಭ್ಯಾಸವಿಲ್ಲ. ನಾವು ನೋಡುವುದು ಅಂಚು, ಮಡಿಕೆ, ಸಾಲುಗಳ ನಡುವಿನ ಅಂತರ. ಹಾಗಾಗಿ ಹಿರಿಯರ ಪುಟಕ್ಕೆ ಬಂದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಮಾತಲ್ಲ, ಇಕ್ಕಟ್ಟು. ಪುಟದ ಕೆಳಭಾಗ ಎಂದೋ ಹರಿದುಹೋಗಿ, ಅಲ್ಲಿ ಕಾಗದದ ಪಟ್ಟಿಯೊಂದನ್ನು ಅಂಟಿಸಿದ್ದರು. ಪಟ್ಟಿಯ ಮೇಲೆ ಅಚ್ಚಿನಂತೆಯೇ ಕಾಣುವ ಅಕ್ಷರ. ಭೂತಗನ್ನಡಿ ಹಿಡಿದು ನೋಡಿದರೆ ಅಚ್ಚಲ್ಲ, ಲೇಖನಿಯಲ್ಲಿ ಬರೆದದ್ದು. ಅಷ್ಟು ಚೆಂದ ಬರೆಯುವ ಕೈ ನಮ್ಮಲ್ಲಿ ಒಂದೇ ಇತ್ತು. ಬೋರ್ಡಜ್ಜ ಹರಿದ ಪುಟಕ್ಕೆ ತೇಪೆ ಹಾಕಿ, ಹೋದ ಸಾಲುಗಳನ್ನು ತುಂಬಿಸಿದ್ದರು. ಅಬ್ಬಾ ಮುದುಕಾ, ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಆದರೆ ಸಾಲು ಇಕ್ಕಟ್ಟಾಗಿದ್ದುದು ಯಾಕೆ? ಅಳತೆಪಟ್ಟಿ ಇಟ್ಟು ನೋಡಿದೆ. ಮೂರು ಸಾಲಿನ ಜಾಗದಲ್ಲಿ ನಾಲ್ಕು ಸಾಲು ಕೂತಿತ್ತು. ಬೋರ್ಡು ಬರೆಯುವವರು ಜಾಗದ ಅಳತೆ ತಪ್ಪುವವರಲ್ಲ. ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ನನ್ನ ಅಟ್ಟದ ಮೇಲೆ ಅದೇ ಅಚ್ಚಿನ, ಅದೇ ಹಳೇ ತರ್ಜುಮೆಯ ಇನ್ನೊಂದು ಬೈಬಲ್ ಇತ್ತು. ಯಾರೋ ಅಜ್ಜಿ ಬೈಂಡಿಂಗ್‌ಗೆ ಕೊಟ್ಟು ಮತ್ತೆ ಬಂದಿರಲಿಲ್ಲ. ಧೂಳು ಕೊಡವಿ ಇಳಿಸಿದೆ. ಅದೇ ಪುಟ ತೆಗೆದೆ. ಕೆಳಗಿನ ಮೂರು ಸಾಲು, ನಮ್ಮ ಪಟ್ಟಿಯ ಮೊದಲ ಮೂರು ಸಾಲು, ಅಕ್ಷರಕ್ಕೆ ಅಕ್ಷರ ಒಂದೇ. ಅಲ್ಲಿಗೆ ಪುಟ ಮುಗಿದಿತ್ತು. ಪುಟ ತಿರುಗಿಸಿದರೆ ಬೇರೆ ಮಾತು ಶುರುವಾಗುತ್ತಿತ್ತು. ಬಾಗಿಲು, ಮಗ, ಮಗಳು ಯಾವುದೂ ಇಲ್ಲ. ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ, ನಾನಿಟ್ಟುಕೊಂಡಿರುವ ಹೊಸ ತರ್ಜುಮೆಯನ್ನೂ ನೋಡಿದೆ. ಎಲ್ಲೂ ಇಲ್ಲ.

ಮೂವತ್ತು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡೆ. ಮನೆಮನೆಯಲ್ಲಿ ಬೈಬಲ್ ಇದೆ, ಆದರೆ ಎಲ್ಲವೂ ಹೊಸ ತರ್ಜುಮೆ. ವೇದಿಕೆಯ ಮೇಲಿನದು ಮಾತ್ರ ಹಳೆಯದು. ಎರಡರ ಮಾತಿನ ಧಾಟಿ ಬೇರೆಬೇರೆ. ತಮ್ಮ ಪುಸ್ತಕದಲ್ಲಿ ಇಲ್ಲದ್ದು ಕಿವಿಗೆ ಬಿದ್ದರೆ ಜನ "ಹಳೇದರಲ್ಲಿ ಹಾಗಿದೆ" ಎಂದುಕೊಂಡು ಭಕ್ತಿಯಿಂದ ತಲೆಯಾಡಿಸುತ್ತಿದ್ದರು. ಹಳೆಯದು ಅಂದಮೇಲೆ ನಿಜವೇ ಇರಬೇಕು ಅನ್ನುವ ಅಂಟುರೋಗ ನಮಗೆಲ್ಲ ತಗುಲಿತ್ತು.

ಭಾವನನ್ನು ಕರೆಸಿದೆ. ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ತೆರೆದಿಟ್ಟು ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಆಯುಸ್ಸಿನಲ್ಲಿ ಅದು ಅಪರೂಪ. ಅವರು ನೆಲದ ಮೇಲೆ ಕೂರಲಿಲ್ಲ, ಸ್ಟೂಲಿನ ಮೇಲೂ ಕೂರಲಿಲ್ಲ. ನಿಂತೇ ಓದಿದರು, ತುಟಿ ಅಲುಗಿಸುತ್ತಾ. ಆಮೇಲೆ ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು.

"ಇದು ಅಜ್ಜನ ಕೈಬರಹ" ಅಂದರು.

"ಹೌದು ಭಾವ."

"ಇದೇ ಪುಟದ ಮೇಲೆ ಬೆರಳಿಟ್ಟು ನನಗೆ ಓದಿಸಿದ್ರು. ಕೊನೇ ಸಾಲೂ ಓದಿಸಿದ್ರು."

"ಬೇಕು ಅಂತ ಸೇರಿಸಿದ್ರಾ? ಅಥವಾ ಅದೂ ಬೈಬಲ್ ಮಾತೇ ಅಂದ್ಕೊಂಡಿದ್ರಾ?"

"ಗೊತ್ತಿಲ್ಲ ಗೋಂದಮ್ಮ. ಅವರು ಹೋದ್ರಲ್ಲ. ಈಗ ಯಾರನ್ನ ಕೇಳೋದು?" ಎಂದು ಪುಸ್ತಕ ಮುಚ್ಚದೆ ಹೊರಟುಹೋದರು. ಅವರ ಪೆಟ್ಟಿಗೆ ನನ್ನ ಅಂಗಡಿಯಲ್ಲೇ ಉಳಿಯಿತು.

ನನಗೆ ತಡೆಯಲಾಗಲಿಲ್ಲ. ಸಾಯಂಕಾಲ ಅಕ್ಕನ ಮನೆಗೆ ಹೋಗಿ ಬೋರ್ಡಜ್ಜನ ವಿಷಯ ಕೆದಕಿದೆ. ಅಕ್ಕ ಸೊಪ್ಪು ಬಿಡಿಸುತ್ತಾ ಒಂದು ಸಂಗತಿ ಹೇಳಿದಳು. ಅಜ್ಜನಿಗೂ ಒಬ್ಬ ಮಗನಿದ್ದನಂತೆ. ಅವನೂ ಸಭೆ ಬಿಟ್ಟವನೇ. ಒಮ್ಮೆ ಅವನು ಗೇಟಿನ ಹೊರಗೆ ಬಂದು ನಿಂತಿದ್ದಾಗ ಅಜ್ಜ ಬೆನ್ನು ಹಾಕಿಕೊಂಡು ಬೋರ್ಡು ಬರೆಯುತ್ತಲೇ ಇದ್ದರಂತೆ. ಆ ಪಟ್ಟಿ ಅಂಟಿಸಿದ್ದು ಅದಕ್ಕಿಂತ ಮೊದಲೋ, ಆಮೇಲೋ? ಮೊದಲು ಬರೆದು ಆಮೇಲೆ ಅದಕ್ಕೆ ಕಟ್ಟುಬಿದ್ದರೋ, ಮಗನನ್ನು ಕಳಿಸಿದ ಮೇಲೆ ಮನಸ್ಸಿನ ಸಮಾಧಾನಕ್ಕೆ ಬರೆದುಕೊಂಡರೋ? ಎಷ್ಟು ತಲೆ ಕೆರೆದುಕೊಂಡರೂ ನನಗೆ ಇವತ್ತಿಗೂ ಹೊಳೆದಿಲ್ಲ.

ಭಾವ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಅಕ್ಕನಿಗೆ ಕಾರಣ ತಿಳಿದಾಗ ಅವಳು ಹೌಹಾರಿದಳು. ಗುರುವಾರ ನಾನು ಹೋದಾಗ ಅಡುಗೆಮನೆಯಲ್ಲಿ ಇಬ್ಬರ ಮಾತು ಬಿಸಿಯೇರಿತ್ತು.

"ಇವಳು ಹೇಗೂ ಪುಟ ರಿಪೇರಿ ಮಾಡ್ತಾಳಲ್ಲ, ಮೂರು ಸಾಲು ಸರಿಯಾಗಿ ಬರೆದು ಅಂಟಿಸಿಬಿಡಲಿ. ಇನ್ಮುಂದೆ ಆ ಸಾಲು ಓದೋದು ಬೇಡ. ಯಾರಿಗೂ ಗೊತ್ತಾಗಲ್ಲ" ಅಂದಳು ಅಕ್ಕ.

"ಬೇಕರಿಯಣ್ಣ?" ಎಂದರು ಭಾವ.

"ಹನ್ನೊಂದು ವರ್ಷ ಆಯ್ತು. ಗಾಯ ಒಣಗಿದೆ. ಈಗ ಹೋಗಿ ಕೆರೀತೀರಾ? ಮೇಲಿನ ಸಾಲಲ್ಲಿ ಹಿರಿಯರು ಮನೆಯನ್ನ ಚೆನ್ನಾಗಿ ನಡೆಸ್ಕೊಂಡು ಹೋಗಬೇಕು, ಮಕ್ಕಳು ಮಾತು ಕೇಳೋ ಹಾಗಿರಬೇಕು ಅಂತ ಇದ್ದೇ ಇದೆಯಲ್ಲ. ಹೆಚ್ಚುಕಡಿಮೆ ಅದೂ ಇದೂ ಒಂದೇ ಅಲ್ವಾ?"

"ಮನೆ ನಡೆಸೋದೂ ಬಾಗಿಲು ಹಾಕೋದೂ ಒಂದೇನಾ? ನಾನು ಹೆಚ್ಚುಕಡಿಮೆ ಓದಲಿಲ್ಲ ಕಣೇ. ದೇವರ ಮಾತು ಅಂತ ಓದಿದೆ."

"ಜನ ಏನಂತಾರೆ ಯೋಚನೆ ಮಾಡಿದೀರಾ? ಇದೇ ಸುಳ್ಳಾದ್ರೆ ಉಳಿದಿದ್ದೆಲ್ಲ ಹೇಗೆ ನಂಬೋದು ಅಂತಾರೆ. ಸಭೆ ಒಡೆಯುತ್ತೆ."

ನನಗೆ ಅಕ್ಕನ ಮೇಲೆ ಸಿಟ್ಟು ಬಂತು, ಅವಳ ಹೆದರಿಕೆ ಸುಳ್ಳಲ್ಲ ಅನ್ನುವುದಕ್ಕೆ ಇನ್ನಷ್ಟು ಸಿಟ್ಟು ಬಂತು. "ಅಕ್ಕ, ಆ ಹುಡುಗಿ ಎರಡು ಸಲ ಬಾಗಿಲಿಗೆ ಬಂದು ಹೋದಳು. ಅವಳ ಕಡೆಯಿಂದ ಯಾರು ಯೋಚನೆ ಮಾಡೋದು?" ಎಂದು ರೇಗಿದೆ. ಭಾವ ನನ್ನ ಕಡೆ ತಿರುಗಿ, "ನಾಳೆ ಮಧ್ಯಾಹ್ನ ಎರಡು ಪುಸ್ತಕನೂ ತಗೊಂಡು ಬಾ" ಅಂದರು.

ಮಧ್ಯಾಹ್ನ ಬೇಕರಿಯ ಒಲೆ ತಣ್ಣಗಿರುತ್ತದೆ. ಬೇಕರಿಯಣ್ಣ ತಟ್ಟೆಗಳನ್ನು ಉಜ್ಜುತ್ತಿದ್ದರು. ಭಾವ ಸುತ್ತಿಬಳಸದೆ, ಪೀಠಿಕೆ ಹಾಕದೆ ಹೇಳಿದರು. ಬೇಕರಿಯಣ್ಣ ಕೈ ಒರೆಸಿಕೊಂಡು ಬಂದು, ಎರಡೂ ಪುಟಗಳನ್ನು ನೋಡಿ, ಸಾಲುಗಳನ್ನು ಬೆರಳಿನಿಂದ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ನಾನು ಅವತ್ತೇ ಕೇಳಿದ್ದೆ ನಿಮ್ಮನ್ನ" ಅಂದರು. "ನನ್ನ ಬೈಬಲ್ಲಲ್ಲಿ ಈ ಸಾಲು ಇಲ್ವಲ್ಲ ಅಂತ."

"ಕೇಳಿದ್ರಿ."

"ನೀವು ಏನಂದ್ರಿ?"

"ಹೊಸ ತರ್ಜುಮೆಯವರು ಕೈಬಿಟ್ಟಿದ್ದಾರೆ ಅಂದೆ."

ನಾನು ಬೆಚ್ಚಿಬಿದ್ದೆ. ಇದು ನನಗೆ ಗೊತ್ತಿರಲಿಲ್ಲ. ಊರಿಗೆಲ್ಲ "ತೋರಿಸಿ" ಅನ್ನುವ ಮನುಷ್ಯ ತಾನು ಮಾತ್ರ ಹುಡುಕಿರಲಿಲ್ಲ. ಕಲಿಸಿದ ಗುರುವಿನ ಅಕ್ಷರವನ್ನು ಅನುಮಾನಿಸಲು ಅವರಿಗೆ ಮನಸ್ಸೇ ಬಂದಿರಲಿಲ್ಲ.

ಬೇಕರಿಯಣ್ಣ ಕೈಗೆ ಸಿಕ್ಕ ತಟ್ಟೆಯನ್ನು ಗೋಡೆಗೆ ಎಸೆದರು. ಆ ಸದ್ದಿಗೆ ರಸ್ತೆಯಲ್ಲಿ ಹೋಗುವವರು ಇಣುಕಿ ನೋಡಿದರು. ಭಾವ ಹಿಂದೆ ಸರಿಯಲಿಲ್ಲ.

"ಎರಡನೇ ಸಲ ಬಂದಾಗ ಅವಳು ಬಸುರಿ" ಅಂದರು ಬೇಕರಿಯಣ್ಣ. "ಕಿಟಕಿಯಿಂದ ನೋಡಿದೆ. ಬಾಗಿಲು ತೆಗೀಲಿಲ್ಲ. ನೀರು ಬೇಕಾ ಅಂತಲೂ ಕೇಳಲಿಲ್ಲ ಕಣ್ರೀ. ದೇವರು ಬೇಡ ಅಂದಿದ್ದಾನೆ ಅಂದ್ಕೊಂಡು ಹಲ್ಲು ಕಚ್ಚಿ ಕೂತಿದ್ದೆ."

ಭಾವ ಅಲ್ಲೇ ಹಿಟ್ಟು ಚೆಲ್ಲಿದ್ದ ನೆಲದ ಮೇಲೆ ಕೂತು, "ನನ್ನನ್ನ ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ. ಏನು ಮಾಡಲಿ ಹೇಳಿ. ಏನು ಹೇಳಿದ್ರೂ ಮಾಡ್ತೀನಿ" ಅಂದರು.

ಬೇಕರಿಯಣ್ಣ ಬಿದ್ದಿದ್ದ ತಟ್ಟೆಯನ್ನು ಎತ್ತಿ ಒಲೆಯ ಪಕ್ಕ ಇಟ್ಟರು. ಕೊನೆಗೆ, "ಪುಸ್ತಕ ಹೊತ್ಕೊಂಡು ನಮ್ಮನೆಗೆ ಬಂದ್ರಲ್ಲ, ಹಾಗೇ ಅವಳ ಮನೆಗೂ ಹೊತ್ಕೊಂಡು ಹೋಗಿ. ಅವಳ ಮುಂದೆ ಓದಿ. ಸಭೆಯವರಿಗೂ ಹೇಳಿ. ನನ್ನನ್ನ ಕರೀಬೇಡಿ. ಅವಳಿಗೆ ತೋರಿಸೋಕೆ ನನಗೆ ಮುಖ ಇಲ್ಲ" ಎಂದು ಒಳಗೆ ಹೋದರು.

ಭಾನುವಾರ ಭಾವ ಬೋಧನೆ ಮಾಡಲಿಲ್ಲ. ಎರಡೂ ಪುಸ್ತಕಗಳನ್ನು ವೇದಿಕೆಯ ಮೇಲಲ್ಲ, ಕೆಳಗೆ ಬೆಂಚಿನ ಮೇಲೆ ಇಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬೋರ್ಡಜ್ಜನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. "ಅಜ್ಜ ಬರೆದ್ರು, ನಿಜ. ನೋಡದೆ ಓದಿದೋನು ನಾನು. ಕೇಳಿದೋರ ಬಾಯಿ ಮುಚ್ಚಿಸಿದೋನೂ ನಾನೇ" ಅಂದರು. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ಉಳಿದದ್ದು ಸರಿ ಅಂತ ಏನು ಗ್ಯಾರಂಟಿ?" ಎಂದು ಗಟ್ಟಿಯಾಗಿ ಕೇಳಿದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು.

"ನಾನು ಹೇಳ್ತೀನಿ ಅಂತ ನಂಬಬೇಡಿ" ಅಂದರು ಭಾವ. "ನಿಮ್ಮ ನಿಮ್ಮ ಪುಸ್ತಕ ತೆಗೆದು ನೀವೇ ನೋಡಿ. ಹಿರಿಯರ ಕೆಲಸ ಪುಟ ತೋರಿಸೋದು. ನಾನು ಪುಟಕ್ಕೆ ಅಡ್ಡ ನಿಂತಿದ್ದೆ." ಆಮೇಲೆ ತಮ್ಮನ್ನು ಹಿರಿಯತನದಿಂದ ಬಿಡಿಸಬೇಕೆಂದು ಕೇಳಿಕೊಂಡರು. ಅದನ್ನು ಮುಂದಿನ ವಾರ ಮಾತಾಡೋಣ ಎಂದು ಸಭೆ ತೀರ್ಮಾನಿಸಿತು. ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಬೆಂಚಿನ ಸುತ್ತ ಸೇರಿ ಸಾಲು ಎಣಿಸತೊಡಗಿದರು. ಅಷ್ಟು ಜನ ಒಟ್ಟಿಗೆ ಬೈಬಲ್ ಓದಿದ್ದನ್ನು ನಾನಂತೂ ಕಂಡಿರಲಿಲ್ಲ.

ಮಧ್ಯಾಹ್ನ ಭಾವ ಹೊರಟರು. ದೊಡ್ಡ ಬೈಬಲ್ಲಿಗೆ ಇನ್ನೂ ರಟ್ಟು ಹಾಕಿರಲಿಲ್ಲ, ಹಾಗೇ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡರು. ಪುಟ ಜಾರಿದರೆ ಹಿಡಿಯಲು ಒಬ್ಬರು ಬೇಕು ಎಂದು ನೆಪ ಹೇಳಿ ನಾನೂ ಹಿಂದೆ ಬಿದ್ದೆ. ಎರಡು ಬಸ್ಸು ಬದಲಿಸಿ ಇಳಿದು, ಸಾಲುಮನೆಗಳ ಒಂದು ಓಣಿಯೊಳಗೆ ತಿರುಗುವಾಗ ಹಿಂದೆ ನೋಡಿದೆ. ಮೂಲೆಯ ನಲ್ಲಿಯ ಹತ್ತಿರ ಬೇಕರಿಯಣ್ಣ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಯಾವಾಗ ನಮ್ಮನ್ನು ಹಿಂಬಾಲಿಸಿದರೋ ಗೊತ್ತಿಲ್ಲ. ನಾನು ಕೈಮಾಡಿ ಕರೆದೆ. ಅವರು ಬರಲಿಲ್ಲ.

ಬಾಗಿಲು ತೆಗೆದದ್ದು ಮಗಳೇ. ಭಾವನನ್ನು ಗುರುತಿಸಿದ ಕೂಡಲೇ ಅವಳ ಮುಖ ಗಟ್ಟಿಯಾಯಿತು.

"ಅಪ್ಪ ಹೋಗಿಬಿಟ್ರಾ?"

"ಇಲ್ಲಮ್ಮ, ಚೆನ್ನಾಗಿದ್ದಾರೆ" ಅಂದರು ಭಾವ. ಹೊಸ್ತಿಲ ಹೊರಗೇ ಮಂಡಿಯೂರಿ ಬಟ್ಟೆ ಬಿಚ್ಚಿದರು. ಪುಟ ತೆಗೆದು ಮೂರು ಸಾಲು ಓದಿದರು. ನಾಲ್ಕನೆಯದರ ಮೇಲೆ ಬೆರಳಿಟ್ಟು, "ನಿಮ್ಮಪ್ಪನಿಗೆ ಇದನ್ನ ದೇವರ ಮಾತು ಅಂತ ಓದಿ ಹೇಳಿದೆ. ಇದು ದೇವರ ಮಾತಲ್ಲ. ಯಾರೋ ಮನುಷ್ಯ ಬರೆದದ್ದು. ನಾನು ವಿಚಾರಿಸಲಿಲ್ಲ. ಅವರು ಬಾಗಿಲು ಹಾಕಿದ್ದು ನನ್ನ ಮಾತು ನಂಬಿ" ಅಂದರು.

ಅವಳು ಆ ಸಾಲನ್ನು ಓದಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ, ಕೋಪ ಬಂತು. "ಇಷ್ಟೇನಾ?" ಅಂದಳು. "ಈ ಒಂದು ಸಾಲಿಗಾ?"

"ಇಷ್ಟೇ ತಾಯಿ."

"ಅಪ್ಪ ಎಲ್ಲಿ?"

ನಾನು ಓಣಿಯ ಮೂಲೆಯ ಕಡೆ ಕೈ ತೋರಿಸಿದೆ. ಅವಳು ಇಣುಕಿದಳು, ನೋಡಿದಳು. ಭಾವನನ್ನು ಪಕ್ಕಕ್ಕೆ ತಳ್ಳಿ ಬರಿಗಾಲಲ್ಲೇ ಓಡಿದಳು. ನಲ್ಲಿಯ ಹತ್ತಿರ ಬೇಕರಿಯಣ್ಣ ಅವಳನ್ನು ಕಂಡು ಒಂದು ಹೆಜ್ಜೆ ಹಿಂದಿಟ್ಟರು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅವಳು ಆ ಕೈಗಳನ್ನು ಹಿಡಿದು ಬಿಡಿಸುತ್ತಿದ್ದಳು. ನಾನು ಬಿಕ್ಕಿಬಿಕ್ಕಿ ಅತ್ತೆ, ನಾಚಿಕೆಯೇನಿಲ್ಲ.

ಒಳಗಿನಿಂದ ಅವಳ ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದರು. ಮಂಡಿಯೂರಿದ್ದ ಭಾವನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪ ನೀವು? ನಮ್ಮ ಸೊಸೆ ಯಾಕೆ ಹಾಗೆ ಓಡಿದ್ಲು?" ಅಂದರು.

ಹಿರಿಯರು, ಸಭೆಯವರು ಎಂದೇನಾದರೂ ಹೇಳುತ್ತಾರೆಂದು ನಾನು ಕಾದೆ.

"ಹನ್ನೊಂದು ವರ್ಷ ಅವಳನ್ನ ಅವರಪ್ಪನಿಂದ ದೂರ ಇಟ್ಟೋನು ನಾನು" ಅಂದರು ಭಾವ.

ಆಕೆ ಓಣಿಯ ಮೂಲೆಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. "ಹಾಗಾದ್ರೆ ಅವರಿಬ್ಬರೂ ವಾಪಸ್ ಬರೋ ತನಕ ಇಲ್ಲೇ ಇರಿ. ಎದ್ದು ಹೋದೀರಿ, ಜೋಕೆ" ಎಂದು ಬಾಗಿಲು ಪೂರ್ತಿ ತೆರೆದಿಟ್ಟು ಒಳಗೆ ಹೋದರು.

ಬಿಸಿಲು ಸುಡುತ್ತಿತ್ತು. ಭಾವ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹೊರಗೆ ಕೂತರು. ಅಪ್ಪ ಮಗಳು ಬರುವ ತನಕ ಏಳಲಿಲ್ಲ.